ಎರಡು ಸಲ ಬಂದ ಪ್ರಶಸ್ತಿ

ನನ್ನ ತಂಗಿಗೆ ಪ್ರಶಸ್ತಿ ಬಂದದ್ದು ಯಾವತ್ತು ಎಂದು ಯಾರಾದರೂ ಕೇಳಿದರೆ ನಾನು ಈಗಲೂ ತಡವರಿಸುತ್ತೇನೆ. ಅವಳು ಟಿವಿ ಧಾರಾವಾಹಿಯೊಂದರಲ್ಲಿ ಗಯ್ಯಾಳಿ ಅತ್ತೆಯ ಪಾತ್ರ ಮಾಡುತ್ತಾಳೆ. ದೇಶದ ಎಲ್ಲ ಭಾಷೆಗಳ ಟಿವಿ ಕಲಾವಿದರಿಗೂ ಸೇರಿಸಿ ಕೊಡುವ ಪ್ರಶಸ್ತಿಯ ಪಟ್ಟಿಯಲ್ಲಿ, ಪೋಷಕ ನಟಿಯರ ಸಾಲಿಗೆ ಅವಳ ಹೆಸರೂ ಸೇರಿತು. ಮುಂಬಯಿಗೆ ಒಬ್ಬಳೇ ಹೋಗಲು ಹೆದರಿ ನನ್ನನ್ನು ಎಳೆದುಕೊಂಡು ಹೋದಳು. ನಾನು ಮಳವಳ್ಳಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಮ್ಮು. ಹಿಂದಿ ಬಾರದಿರುವುದರಲ್ಲಿ ನಾವಿಬ್ಬರೂ ಒಂದೇ ಬಳ್ಳಿಯ ಕಾಯಿಗಳು.

ಅಲ್ಲಿ ನನಗೆ ತಲೆಬುಡ ಅರ್ಥವಾಗಲಿಲ್ಲ. ಕಾರ್ಯಕ್ರಮ ಶುರುವಾಗುವ ಮೊದಲೇ ನಮ್ಮಿಂದ ಚಪ್ಪಾಳೆ ತಟ್ಟಿಸಿದರು. ವೇದಿಕೆಯ ಮೇಲೆ ನರಪಿಳ್ಳೆಯೂ ಇರಲಿಲ್ಲ. ಆಮೇಲೆ ನಗಲು ಹೇಳಿದರು, ನಕ್ಕೆವು. ಕೊನೆಗೆ ತಂಗಿಯ ಹೆಸರು ಕೂಗಿದಾಗ ಅವಳು ಬೆಚ್ಚಿಬಿದ್ದು, ಎದ್ದು ಹೋಗಿ, ಹೊಂಬಣ್ಣದ ಫಲಕ ತೆಗೆದುಕೊಂಡಳು. ಅಷ್ಟರಲ್ಲಿ ಕ್ಯಾಮೆರಾದವನು ಏನೋ ಸರಿ ಬರಲಿಲ್ಲ ಎಂದ. ಫಲಕ ವಾಪಸ್ಸು ಕೊಟ್ಟು, ನನ್ನ ಪಕ್ಕಕ್ಕೆ ಬಂದು ಕೂತು, ಮತ್ತೆ ಬೆಚ್ಚಿಬಿದ್ದು, ಮತ್ತೆ ಎದ್ದು ಹೋದಳು. ಎರಡನೆಯ ಸಲ ನಾನೂ ಮೊದಲಿಗಿಂತ ಚೆನ್ನಾಗಿ ಕಣ್ಣೊರೆಸಿಕೊಂಡೆ.

ಹೊರಡುವಾಗ, ಹೆಸರು ಕೆತ್ತಿಸಿ ಕಳಿಸುತ್ತೇವೆಂದು ಫಲಕವನ್ನು ಇಸಿದುಕೊಂಡರು. ಟಿವಿಯಲ್ಲಿ ಇದು ಬರುವುದು ಮೂರು ವಾರ ಕಳೆದು, ಅಲ್ಲಿಯವರೆಗೆ ಹೊರಗಿನವರಿಗೆ ಹೇಳುವಂತಿಲ್ಲ ಎಂದು ಇಬ್ಬರಿಂದಲೂ ಬರೆಸಿಕೊಂಡರು. ಬರಿಗೈಲಿ ಹೊರಟೆವು. ಗೆದ್ದದ್ದು ನಿಜವೋ, ಅದೂ ಶೂಟಿಂಗಿನ ಒಂದು ಭಾಗವೋ ಎಂದು ರೈಲಿನಲ್ಲಿ ಅಕ್ಕತಂಗಿಯರು ಪಿಸುಮಾತಿನಲ್ಲೇ ಜಗಳವಾಡಿದೆವು.

ಅವ್ವ ಇರುವುದು ನನ್ನ ಜೊತೆ. ಮುಂಬಯಿಗೆ ಹೋಗಿದ್ದು ಬರೀ ರಿಹರ್ಸಲ್ಲಿಗೆ, ಪ್ರಶಸ್ತಿ ಕೊಡುವುದು ಮೂರು ವಾರ ಬಿಟ್ಟು, ಟಿವಿಯಲ್ಲಿ ತೋರಿಸುವ ಭಾನುವಾರವೇ ಎಂದು ತಂಗಿ ಅವಳಿಗೆ ಫೋನಿನಲ್ಲಿ ಹೇಳಿದ್ದಳು. ನಾನೂ ಹೂಂಗುಟ್ಟಿದ್ದೆ. ನಾವು ಬಂದ ವಾರವೇ, ಶನಿವಾರ ಬೆಳಿಗ್ಗೆ ನೋಡುತ್ತೇನೆ, ಅವ್ವ ತಲೆಗೆ ನೀರು ಹಾಕಿಕೊಂಡು, ಅರಿಶಿನ ಹಚ್ಚಿದ ಬಟ್ಟೆಚೂರಿನಲ್ಲಿ ಒಂದು ರೂಪಾಯಿ ಇಟ್ಟು ಗಂಟು ಹಾಕುತ್ತಿದ್ದಾಳೆ. ಮಗಳಿಗೆ ಪ್ರಶಸ್ತಿ ಸಿಕ್ಕಿದರೆ ಮುತ್ತತ್ತಿರಾಯನಿಗೆ ಮುಡಿ ಕೊಡುವ ಹರಕೆಯಂತೆ. ಅವ್ವನಿಗೆ ಎಪ್ಪತ್ತು ದಾಟಿದೆ, ಕೂದಲು ಮಾತ್ರ ಇನ್ನೂ ಸೊಂಟ ಮುಟ್ಟುತ್ತದೆ. ಪೂರಿಗಾಲಿಯಿಂದ ನೆಂಟರು ಬಂದು ಹೊಗಳಿದರೆ, ಅಯ್ಯೋ ಬಿಡಿ ಎನ್ನುತ್ತಲೇ ತುರುಬು ಬಿಚ್ಚಿ ತೋರಿಸುವವಳು.

ನನ್ನ ಬಾಯಲ್ಲಿ ಬಿಸಿ ತುಪ್ಪ. ಹೇಳಿದರೆ ಅವ್ವ ಬೀದಿಗೆಲ್ಲ ಡಂಗುರ ಹೊಡೆದು ತಂಗಿಯ ಪ್ರಶಸ್ತಿಗೇ ಸಂಚಕಾರ ತಂದಾಳು. ಹೇಳದಿದ್ದರೆ ಮುಡಿ ಹೋಗುತ್ತದೆ. ಜೊತೆಗೆ ವಿಜ್ಞಾನದ ಮೇಡಮ್ಮಿನ ತಲೆಗೆ ಇನ್ನೊಂದು ಹುಳ: ಫಲಿತಾಂಶ ಬಂದ ಮೇಲೆ ಕಟ್ಟಿದ ಹರಕೆ ಲೆಕ್ಕಕ್ಕೆ ಉಂಟೋ ಇಲ್ಲವೋ? ನಾನು ಹೀಗೆ ಯೋಚಿಸುತ್ತಾ ಕಂಬದ ಹಾಗೆ ನಿಂತಿರುವಾಗಲೇ ಅವಳು ಗಂಟನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಕಾಫಿಗೆ ನೀರಿಟ್ಟಳು.

ಟಿವಿಯಲ್ಲಿ ತೋರಿಸುವ ಆ ಭಾನುವಾರ ಸಂಜೆ ಅಕ್ಕಪಕ್ಕದ ಹೆಂಗಸರೆಲ್ಲ ನಮ್ಮ ಟಿವಿ ಮುಂದೆ ಸೇರಿದರು. ತಂಗಿ ಬೆಂಗಳೂರಿನಲ್ಲಿ ಶೂಟಿಂಗಿನಲ್ಲಿದ್ದಳು, ಅವ್ವನ ಲೆಕ್ಕದಲ್ಲಿ ಮುಂಬಯಿಯಲ್ಲಿ. ಹೆಸರು ಕೂಗಿದಾಗ ಹೆಂಗಸರು ಚಪ್ಪಾಳೆ ತಟ್ಟಿದರು. ಅವ್ವ ಕೈಮುಗಿದು ಕಣ್ಣು ಮುಚ್ಚಿದಳು. ಕಣ್ಣು ಬಿಟ್ಟಾಗ ಟಿವಿಯಲ್ಲಿ ನೀಲಿ ರೇಷ್ಮೆ ಸೀರೆಯುಟ್ಟು ಕಣ್ಣೊರೆಸಿಕೊಳ್ಳುತ್ತಾ ನಾನು ಕೂತಿದ್ದೆ. ಅದರಲ್ಲಿ ನಾನೂ ಕಾಣಿಸಬಹುದೆಂದು, ಊರ ಮಕ್ಕಳಿಗೆಲ್ಲ ಪಾಠ ಹೇಳುವ ಈ ತಲೆಗೆ ಹೊಳೆದೇ ಇರಲಿಲ್ಲ.

ಅವ್ವ ಟಿವಿ ನೋಡಿದಳು, ಪಕ್ಕದಲ್ಲಿದ್ದ ನನ್ನನ್ನು ನೋಡಿದಳು.

"ನೀನು ಇಲ್ಲಿದ್ದೀಯಲ್ಲ, ಅಲ್ಲಿ ಕುಂತಿರೋಳು ಯಾರು?"

ಹೆಂಗಸರು ನಕ್ಕರು. ಇದು ರೆಕಾರ್ಡು ಮಾಡಿದ್ದು, ಮೂರು ವಾರದ ಹಿಂದಿನದು ಎಂದೆ. ಅವ್ವ ಎದ್ದು ಸಕ್ಕರೆ ಡಬ್ಬಿ ತಂದಳು. ಬಂದವರ ಕೈಗೆಲ್ಲ ಸಕ್ಕರೆ ಹಾಕುತ್ತಾ ಬಂದವಳು ನನ್ನನ್ನು ದಾಟಿ ಮುಂದಕ್ಕೆ ಹೋದಳು. ಅವಳಿಗೆ ಖುಷಿಯಾಯಿತೋ ಸಿಟ್ಟು ಬಂತೋ ನನಗೆ ತಿಳಿಯಲಿಲ್ಲ, ಕೇಳಲು ಹೆದರಿಕೆಯೂ ಆಯಿತು.

ಮುಂದಿನ ಶನಿವಾರ ಅರಿಶಿನದ ಗಂಟನ್ನು ಸೆರಗಿಗೆ ಕಟ್ಟಿಕೊಂಡು, ಹಲಗೂರಿನ ಮೇಲೆ ಮುತ್ತತ್ತಿಗೆ ಹೋಗಲು ಹೊರಟಳು. ಬಸ್‌ಸ್ಟ್ಯಾಂಡಿನವರೆಗೂ ಅವಳ ಬೆನ್ನು ಹತ್ತಿ ವಾದ ಮಾಡಿದೆ. ಪ್ರಶಸ್ತಿ ಮೊದಲು ಬಂತು, ಹರಕೆ ಆಮೇಲೆ ಕಟ್ಟಿದ್ದು, ದೇವರಿಗೆ ಇದರಲ್ಲಿ ಬಾಕಿಯೇ ಇಲ್ಲ, ಮುಡಿ ಉಳಿಸಿಕೋ ಎಂದೆ.

"ಆಗ್ಲೇ ಆಗೋಗಿದೆ ಅಂತ ನಂಗೇನು ಗೊತ್ತಿತ್ತಾ? ಬೇಡ್ಕಂಡಿದ್ದು ಬೇಡ್ಕಂಡಂಗೆಯಾ ಕಣವ್ವ" ಎಂದಳು. ಸೆರಗಿನ ಗಂಟು ಮುಟ್ಟಿ ನೋಡಿಕೊಂಡು, "ನಾನು ಕಾಸು ಕಟ್ಟೋವಾಗ ನೀನು ಅಲ್ಲೇ ನಿಂತಿದ್ದೆ" ಎಂದಳು.

ನನಗೆ ನಾಚಿಕೆಯಾಯಿತು. ಹೊರಗಿನವರಿಗೆ ಹೇಳಬಾರದೆಂದು ಕಾಗದದ ಮೇಲೆ ಸಹಿ ಹಾಕಿಸಿಕೊಂಡಿದ್ದರು ಎಂದು ತೊದಲಿದೆ.

"ಆಚೆಯೋರ್ಗೆ ಯೋಳ್ಬ್ಯಾಡಿ ಅಂದ್ರು, ಸರಿ. ನಾನು ಆಚೆಯೋಳಾ?"

ಬಸ್ಸು ಬಂತು. ಅವ್ವ ಹತ್ತಿ ಕಿಟಕಿಯ ಪಕ್ಕ ಕೂತಳು. ನಾನೂ ಬರಲಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.