ಬೀಗಿತ್ತಿ ಮೆತ್ತಿದ ಪುಟ್ಟಿ

ನಮ್ಮ ಬೀಗಿತ್ತಿಯ ಬಲಗೈ ಹೆಬ್ಬೆರಳಿನ ಉಗುರು ಚಮಚದ ತುದಿಯಷ್ಟು ಅಗಲ, ಎತ್ತಿನ ಗೊರಸಿನ ಹಾಗೆ ದಪ್ಪ, ಬಣ್ಣ ಹಳದಿ. ಉಳಿದ ಒಂಬತ್ತು ಉಗುರನ್ನು ಮಟ್ಟಸವಾಗಿ ಕತ್ತರಿಸಿಕೊಳ್ಳುತ್ತಿದ್ದರು. ಅದೊಂದನ್ನು ಮಾತ್ರ ಬೆಳೆಯೋಕೆ ಬಿಟ್ಟು, ಬಟ್ಟೆ ಒಗೆಯೋ ಕಲ್ಲಿಗೆ ಉಜ್ಜಿ ನೇರ ಮಾಡಿಕೊಳ್ಳುತ್ತಿದ್ದರು. ನನ್ನ ಮಗಳ ಅತ್ತೆ ಅವರು. ಮೊದಲ ಸಲ ನೋಡಿದಾಗ, ಇಂಥ ಉಗುರಿನ ಹೆಂಗಸಿನ ಮನೆಗೆ ಹೆಣ್ಣು ಕೊಡಬೇಕಾ ಅಂತ ನಾನು ಯೋಚನೆ ಮಾಡಿದ್ದು ನಿಜ. ಸುಳ್ಳು ಯಾಕೆ ಹೇಳಲಿ.

ಆ ಉಗುರು ಅವರ ಹತ್ಯಾರ. ಗಂಡ ಮರಗೆಲಸದವರು, ಹೊಸೂರಿನಾಚೆ ಕೆಲಮಂಗಲದಲ್ಲಿ ಮನೆ ಮುಂದಿನ ಶೆಡ್ಡಿನಲ್ಲೇ ಕೆಲಸ. ಮರದಲ್ಲಿ ಸಂದು ಬಿಟ್ಟರೆ, ಮೊಳೆ ಹೊಡೆದ ತೂತಿದ್ದರೆ ಪುಟ್ಟಿ ತುಂಬಿ ಮುಚ್ಚುತ್ತಾರಲ್ಲ, ಬಿಳಿ ಗೋಂದಿಗೆ ಸೀಮೆಸುಣ್ಣದ ಪುಡಿ, ಸಣ್ಣ ಮರದ ಹೊಟ್ಟು, ಬಣ್ಣಕ್ಕೆ ಒಂದು ಚಿಟಿಕೆ ಕಾವಿ ಹಾಕಿ ಕಲಸಿದ್ದು, ಅದು ಅವರ ಮನೆ ತುಂಬ. ನೆಲದ ಮೇಲೆ, ಚಿಲಕದ ಮೇಲೆ, ನೀರಿನ ಚೊಂಬಿನ ಮೇಲೆ, ಲುಂಗಿಯ ಮೇಲೆ. ಹಸಿ ಇದ್ದಾಗ ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಮುಗೀತು. ಒಣಗಿದರೆ ಕಲ್ಲು. ಬೀಗರು ಚೆಲ್ಲೋರು, ‘ಆಮೇಲೆ ಒರೆಸ್ತೀನಿ’ ಅನ್ನೋರು, ಒರೆಸುತ್ತಿರಲಿಲ್ಲ. ಬೀಗಿತ್ತಿ ಬೈಯುತ್ತಾ ತೆಗೆಯೋರು. ಅವರಿಗೆ ಮೂರು ಭಾಷೆ ಬರುತ್ತಿತ್ತು. ನಮ್ಮ ಜೊತೆ ಕನ್ನಡ, ಬಸ್ಸಿನಲ್ಲಿ ಅಂಗಡಿಯಲ್ಲಿ ತಮಿಳು. ಗಂಡನ ಜೊತೆ ಜಗಳಕ್ಕೆ ಮಾತ್ರ ತವರಿನ ತೆಲುಗು.

ಹೆಣ್ಣು ನೋಡೋಕೆ ಅವರು ಬಾಗಲೂರಿಗೆ ಬಂದ ದಿನ ನಾನು ನಡುಮನೆಯಲ್ಲಿ ಚಾಕು ಹಿಡಿದು ನೆಲ ಕೆರೆಯುತ್ತಾ ಕೂತಿದ್ದೆ. ಹಿಂದಿನ ವಾರ ಹೊಸ ಬಾಗಿಲು ಕೂರಿಸಿದವರು ಕೆಂಪು ಗಾರೆ ನೆಲದ ಮೇಲೆ ಪುಟ್ಟಿ ಚೆಲ್ಲಿ ಹೋಗಿದ್ದರು. ಮಧ್ಯಾಹ್ನ ಬರ್ತೀವಿ ಅಂದಿದ್ದ ಗಂಡಿನ ಕಡೆಯವರು ಮೊದಲ ಬಸ್ಸಿಗೇ ಬಂದು ಬಾಗಿಲಲ್ಲಿ ನಿಂತಿದ್ದಾರೆ. ನಾನು ತಲೆ ಕೂಡ ಬಾಚಿರಲಿಲ್ಲ.

ಬೀಗಿತ್ತಿ ಹುಡುಗಿ ಎಲ್ಲಿ ಅಂತ ಕೇಳಲಿಲ್ಲ. ನನ್ನ ಕೈಯ ಚಾಕು ನೋಡಿದರು.

“ಏನಮ್ಮಾ ಅದು, ನೆಲದ ಸಿಪ್ಪೆ ಸುಲೀತಿದ್ದೀರಾ?”

“ಪುಟ್ಟಿ ಬಿದ್ದೈತೆ. ಬತ್ತಾನೇ ಇಲ್ಲ.”

“ಹಂಗೆ ಕೆರೆದ್ರೆ ಪುಟ್ಟಿ ಹೋಗಾಕಿಲ್ಲ, ನಿಮ್ ನೆಲ ಹೋಯ್ತದೆ. ಬುಡಿ ಚಾಕು. ಬಿಸ್ನೀರು ಕಾಯ್ಸಿ.”

“ಬಜ್ಜಿಗೆ ಎಣ್ಣೆ ಇಟ್ಟಿವ್ನಿ…”

“ಬಜ್ಜಿ ಎಲ್ಗೂ ಓಡೋಗಾಕಿಲ್ಲ. ಎಣ್ಣೆ ಇಳ್ಸಿ, ನೀರು ಇಡಿ.”

ರೇಷ್ಮೆ ಸೀರೆ ಎತ್ತಿ ಕಟ್ಟಿಕೊಂಡು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಕಲೆಯ ಮೇಲೆ ಹಾಸಿದರು. ನಾನು ಎರಡು ಸಲ ಬಟ್ಟೆ ಎತ್ತಿ ನೋಡೋಕೆ ಹೋದೆ, ಎರಡು ಸಲವೂ ಕೈ ಮೇಲೆ ಹೊಡೆದರು. ಇನ್ನೂ ಸಂಬಂಧವೇ ಕೂಡಿಲ್ಲ, ಆಗಲೇ ಹೊಡೆತ!

“ಮೊದ್ಲು ನೆನೆಸ್ಬೇಕು. ಅಂಟ್ಕೊಂಡಿದ್ದು ಯಾಕೆ ಅಂತ ಅದು ಮರೆಯೋವರ್ಗೂ ಬುಡ್ಬೇಕು” ಅಂದರು.

ಹಾಗೆ ಕಾಯುತ್ತಾ ಕೂತಾಗಲೇ ಅವರು ನನ್ನ ಮಗಳನ್ನ ನೋಡಿದ್ದು. ತಟ್ಟೆ ಹಿಡಿದು ಬಂದವಳನ್ನ ನೆಲದ ಮೇಲೆ ಕೂರಿಸಿಕೊಂಡು ಕೇಳಿದ್ದು ಒಂದೇ ಮಾತು.

“ನಿಂಗೆ ಸಿಟ್ಟು ಬತ್ತದಾ?”

ಮಗಳು ನನ್ನ ಮುಖ ನೋಡಿದಳು. ನಾನು ಇಲ್ಲ ಅನ್ನು ಅಂತ ಕಣ್ಣಲ್ಲೇ ಹೇಳಿದೆ. “ಬತ್ತದೆ” ಅಂದಳು.

“ಒಳ್ಳೇದಾಯ್ತು. ಸಿಟ್ಟು ಬರ್ದೇ ಇರೋರ ಜೊತೆ ಬಾಳಾಕಾಗಾಕಿಲ್ಲ. ಅವ್ರು ಮನ್ಸಲ್ಲಿ ಏನಿಟ್ಕೊಂಡವ್ರೆ ಅಂತ ಹುಡುಕ್ತಾ ಕೂರ್ಬೇಕು.”

ಬೀಗರು ಬಾಗಿಲಿಗೆ ಒರಗಿ ನಗುತ್ತಿದ್ದರು. “ನಾನು ಚೆಲ್ತೀನಿ, ಇವ್ಳು ಕೆರೀತಾಳೆ. ಮೂವತ್ತು ವರ್ಷದಿಂದ ನಮ್ ಸಂಸಾರ ಇಷ್ಟೇ” ಅಂದರು. ಬೀಗಿತ್ತಿ ತೆಲುಗಿನಲ್ಲಿ ಏನೋ ಅಂದರು, ಅವರು ಬಾಯಿ ಮುಚ್ಚಿಕೊಂಡರು. ಆಮೇಲೆ ಬಟ್ಟೆ ತೆಗೆದು ಆ ಉಗುರನ್ನು ಅಂಚಿಗೆ ಕೊಟ್ಟರು ನೋಡಿ, ದೋಸೆ ಮಗುಚಿದ ಹಾಗೆ ಪುಟ್ಟಿ ಇಡಿಯಾಗಿ ಎದ್ದು ಬಂತು. ನೆಲದ ಮೇಲೆ ಉಳಿದ ಗೀಚೆಲ್ಲ ನನ್ನ ಚಾಕುವಿನದೇ.

ಮದುವೆ ಆಯಿತು. ಹೋಗಿ ಬಂದು ಮಾಡುತ್ತಾ ಅವರಿಂದ ನಾನು ಕಲಿತೆ. ಗಾಜಿಗಾದರೆ ಸೋಪಿನ ನೀರು ಹಚ್ಚಿ ಬ್ಲೇಡನ್ನು ಮಲಗಿಸಿ ಎಳೆಯಬೇಕು. ಬಟ್ಟೆಯನ್ನು ಉಜ್ಜಬಾರದು, ಬಿಸಿನೀರಲ್ಲಿ ಬಿಡಬೇಕು. ಪಾಲಿಶ್ ಮಾಡಿದ ಮರಕ್ಕೆ ಥಿನ್ನರ್ ತಾಗಿಸಲೇಬಾರದು, ಪುಟ್ಟಿಗಿಂತ ಮೊದಲು ಪಾಲಿಶೇ ಎದ್ದು ಹೋಗುತ್ತದೆ. ಕಲ್ಲಿನೊಳಕ್ಕೆ ಇಳಿದ ಕಾವಿ ಕಲೆಗೆ ಅಡುಗೆ ಸೋಡಾ ಗಟ್ಟಿಯಾಗಿ ಕಲಸಿ ಮೆತ್ತಿ ಒಣಗಿಸಬೇಕು, ಅದೇ ಬಣ್ಣ ಹೀರುತ್ತದೆ. ಈಗ ಗಟ್ಟಿ ಮಾಡೋ ಔಷಧಿ ಸೇರಿಸೋ ಡಬ್ಬಿ ಪುಟ್ಟಿ ಬಂದಿದೆಯಲ್ಲ, ಅದು ನೀರಿಗೂ ಬಗ್ಗೋದಿಲ್ಲ, ಉಗುರಿಗೂ ಬಗ್ಗೋದಿಲ್ಲ. “ಅದ್ಕೆ ನಾನು ಸೋತೆ” ಅಂತ ಅವರೇ ಒಪ್ಪಿಕೊಂಡಿದ್ದರು.

ಇಷ್ಟೆಲ್ಲ ಬಲ್ಲವರ ಮನೆ ಹೊಸಿಲ ಪಕ್ಕದಲ್ಲೇ, ಕರಿಕಲ್ಲಿನ ಮೆಟ್ಟಿಲ ಮೇಲೆ, ರೂಪಾಯಿ ಅಗಲದ ಪುಟ್ಟಿ ಒಣಗಿ ಕೂತಿತ್ತು. ಅದರ ಕತೆ ನನಗೆ ತಿಳಿದಿದ್ದು ನಾನು ಮಾಡಬಾರದ್ದು ಮಾಡಿದ ಮೇಲೆ. ಓದೋರಿಗೆ ಮೊದಲೇ ಹೇಳಿಬಿಡುತ್ತೇನೆ.

ಒಂದು ಸಂಕ್ರಾಂತಿಗೆ ಮುಂಚೆ ಬೀಗರು ಬಾಗಿಲ ಚೌಕಟ್ಟಿನ ಬಿರುಕಿಗೆ ಪುಟ್ಟಿ ತುಂಬುವಾಗ ಅದು ಬಿತ್ತು. ಒರೆಸು ಅಂದರು ಇವರು. ಆಮೇಲೆ ಅಂದರು ಅವರು. ಬೀಗಿತ್ತಿಗೆ ರೇಗಿತು. ಇದೊಂದನ್ನ ನಾನು ತೆಗೆಯಲ್ಲ, ಸಾಯೋವರೆಗೂ ಇರಲಿ, ನೀನೇ ತೆಗೀಬೇಕು ಅಂದುಬಿಟ್ಟರು. ಅವತ್ತಿನಿಂದ ದಿನಾ ಬೆಳಗ್ಗೆ ಬಾಗಿಲಿಗೆ ನೀರು ಹಾಕುವಾಗ ಆ ಕಲೆ ನೋಡಿ ತೆಲುಗಿನಲ್ಲಿ ಒಂದು ಮಾತು: “ತುಡುಸ್ತಾನಂಟಿವಿ ಕದಾ.” ಒರೆಸ್ತೀನಿ ಅಂದಿದ್ದೆಯಲ್ಲ ಅಂತ. ಒಳಗಿಂದ ಬೀಗರು ಆಮೇಲೆ ಅನ್ನೋರು. ಎರಡು ವರ್ಷ ಹೀಗೇ ನಡೆಯಿತು. ಒಂದು ಬೆಳಗ್ಗೆ ಬೀಗಿತ್ತಿ ಕೇಳಿದರು, ಒಳಗಿಂದ ಉತ್ತರ ಬರಲಿಲ್ಲ. ಹೋಗಿ ನೋಡಿದರೆ ಮಲಗಿದಲ್ಲೇ ಹೋಗಿಬಿಟ್ಟಿದ್ದರು.

ಆಮೇಲೂ ಬೀಗಿತ್ತಿ ದಿನಾ ಕೇಳುತ್ತಲೇ ಇದ್ದರು. ನೀರು ಹಾಕುವಾಗ ಆ ಪುಟ್ಟಿಗೆ ಹನಿ ತಾಗದ ಹಾಗೆ ಸುತ್ತ ಹಾಕುತ್ತಿದ್ದರು. ಮನೆಯೊಳಗಿನ ಮಾತು ಅಂತ ಮಗಳು ಇದನ್ನ ನನಗೆ ಹೇಳಿರಲಿಲ್ಲ.

ಬೀಗರ ವರ್ಷದ ಕಾರ್ಯಕ್ಕೆ ಎರಡು ದಿನ ಮುಂಚೆ ನಾನು ಕೆಲಮಂಗಲಕ್ಕೆ ಹೋದೆ. ಮಗಳು, ಅಳಿಯ ಹೊಸೂರಿಗೆ ಕೆಲಸಕ್ಕೆ ಹೋಗಿದ್ದರು, ಬೀಗಿತ್ತಿ ತರಕಾರಿಗೆ ಸಂತೆಗೆ ಹೋಗಿದ್ದರು. ಹೊಸಿಲ ಪಕ್ಕದ ಕಲೆ ಕಣ್ಣಿಗೆ ಬಿತ್ತು. ನೆಂಟರು ಬರ್ತಾರೆ, ಕ್ಲೀನಾಗಿರಲಿ ಅನ್ನೋದು ಒಂದು. ಊರಿಗೆಲ್ಲ ಪಾಠ ಹೇಳೋರ ಮೆಟ್ಟಿಲ ಮೇಲೇ ಪುಟ್ಟಿ, ನಾನೇ ತೆಗೆದು ತೋರಿಸ್ತೀನಿ ಅನ್ನೋ ಕೊಬ್ಬು ಇನ್ನೊಂದು. ಕೊಬ್ಬೇ ಜಾಸ್ತಿ ಇತ್ತು.

ಬಿಸಿನೀರು ಕಾಯಿಸಿದೆ. ಬಟ್ಟೆ ಹಾಸಿದೆ. ಅವಸರ ಮಾಡಲಿಲ್ಲ, ಅವರು ಹೇಳಿದ ಹಾಗೇ ಕಾದೆ. ಕರಟದ ಚೂರಲ್ಲಿ ಎತ್ತಿದರೆ ಇಡಿಯಾಗಿ ಬಂತು. ಕೆಳಗೆ ಕೆಂಪು ಕಲೆ ಉಳಿದಿತ್ತು. ಸೋಡಾ ಮೆತ್ತಿದೆ, ಬಿಸಿಲಿಗೆ ಒಣಗಿತು, ಒರೆಸಿದೆ. ಕಲ್ಲು ಕನ್ನಡಿ ಹಾಗಾಯಿತು. ಕಿತ್ತ ಪುಟ್ಟಿಯನ್ನ ಚರಂಡಿಗೆ ಎಸೆದೆ.

ಬೀಗಿತ್ತಿ ಬಂದರು. ಚೀಲ ಕೈಯಲ್ಲೇ ಇತ್ತು. ಮೆಟ್ಟಿಲ ಮುಂದೆ ನಿಂತರು. ಬಗ್ಗಿ ಆ ಜಾಗದ ಮೇಲೆ ಉಗುರು ಆಡಿಸಿದರು.

“ಚೆನ್ನಾಗಿ ತೆಗ್ದಿದ್ದೀರ. ಒಂದು ಗೀಚೂ ಇಲ್ಲ” ಅಂದರು.

ನಾನು ಹಲ್ಲು ಕಿರಿದೆ.

“ನಮ್ಮಿಬ್ರ ಜಗಳ ಇನ್ನೂ ನಡೀತಿತ್ತು ಬೀಗಿತ್ತೇರೆ. ನೀವು ಬಂದು ಮುಗಿಸ್ಬುಟ್ರಿ.”

ಏನು ಅಂತ ನನಗೆ ತಿಳಿಯಲಿಲ್ಲ. ಕಲ್ಲು ಒರೆಸಿದ್ದಕ್ಕೆ ಇಷ್ಟು ಮಾತಾ ಅಂತ ನಾನೂ ಎರಡು ಅಂದೆ. ಅವರು ಬೈಯದೆ ಚೀಲ ಹಿಡಿದು ಒಳಗೆ ಹೋದರು. ಸಂಜೆ ಮಗಳು ಬಂದು ಕತೆ ಹೇಳಿದಳು. ಆಗ ಚರಂಡಿಯಲ್ಲಿ ಹುಡುಕಿದೆ. ಸಿಗಲಿಲ್ಲ.

ಕಾರ್ಯ ಮುಗಿಸಿ ಬಂದೆ. ತಿಂಗಳು ಮೂರಾಯಿತು, ಅವರು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಮಗಳು ಫೋನ್ ಮಾಡಿದಾಗ ಹೇಳಿದಳು: “ಅಮ್ಮಾ, ಅತ್ತೆ ಬೆಳಗ್ಗೆ ಚೊಂಬು ಹಿಡ್ಕೊಂಡು ಬಾಗಿಲಲ್ಲಿ ಸುಮ್ನೆ ನಿಂತಿರ್ತಾರೆ. ಮನೇಲಿ ತೆಲುಗೇ ಕೇಳ್ಸಲ್ಲ.”

ಕ್ಷಮಿಸಿ ಅನ್ನೋದು ನನಗೆ ಬರೋದಿಲ್ಲ. ಹುಟ್ಟಿದಾಗಿನಿಂದ ಅಂದಿಲ್ಲ. ಬಾಗಲೂರಲ್ಲಿ ಮರಗೆಲಸದವರ ಹತ್ತಿರ ಒಂದು ಹಿಡಿ ಹಸಿ ಪುಟ್ಟಿ ಇಸ್ಕೊಂಡು, ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ, ಹೊಸೂರಲ್ಲಿ ಬಸ್ಸು ಬದಲಾಯಿಸಿ ಕೆಲಮಂಗಲಕ್ಕೆ ಹೋದೆ. ಅವರ ಮುಂದೆ ಇಟ್ಟೆ.

“ತಗೊಳ್ಳಿ. ಅಲ್ಲೇ ಮೆತ್ಕೊಳ್ಳಿ.”

ಕವರು ಬಿಚ್ಚಿ ನೋಡಿದರು. ಮೂಸಿ ನೋಡಿದರು. ಆಮೇಲೆ ನಗೋಕೆ ಶುರು ಮಾಡಿದರು, ಕಣ್ಣಲ್ಲಿ ನೀರು ಬರೋವರೆಗೂ.

“ಅದು ಆವಯ್ಯ ಬೀಳ್ಸಿದ್ದು ಕಣಮ್ಮಾ. ನೀವು ತಂದಿದ್ದು ಮೆತ್ತಿದ್ರೆ ಆವಯ್ಯನ ಜಗಳ ಹೆಂಗಾಯ್ತದೆ? ಇದು ನಿಮ್ ಜಗಳ.”

“ಹಂಗಾರೆ ಬಿಸಾಕಿ.”

“ಯಾಕೆ ಬಿಸಾಕ್ಲಿ? ನಡೀರಿ, ನಾನೂ ಬತ್ತೀನಿ.”

ಸೆರಗು ಸುತ್ತಿಕೊಂಡು ನನ್ನ ಜೊತೆಯೇ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಕವರು ಅವರ ತೊಡೆಯ ಮೇಲಿತ್ತು. ಬಾಗಲೂರಲ್ಲಿ ನಮ್ಮ ಮನೆ ಮುಟ್ಟಿ, ಒಳಗೆ ಕೂಡ ಬರದೆ, ಹೊಸಿಲ ಪಕ್ಕದ ಕಲ್ಲಿನ ಮೇಲೆ ಹೆಬ್ಬೆರಳಲ್ಲಿ ಒಂದು ಮುದ್ದೆ ಒತ್ತಿದರು.

“ಇದು ನಮ್ಮಿಬ್ರದು. ನಾನೇ ಬಂದು ತೆಗೀತೀನಿ. ನೀವು ಮುಟ್ಟಿದ್ರೆ ನೋಡಿ ಮತ್ತೆ!”

ಆಮೇಲೆ ಕಾಫಿ ಕುಡಿದರು.

ಅವರು ಬಂದಾಗಲೆಲ್ಲ ನಾನು ಕೇಳುತ್ತಿದ್ದೆ: “ಯಾವಾಗ ತೆಗೀತೀರಿ? ಬಂದೋರೆಲ್ಲ ನೋಡಿ ಆಡ್ಕೋತಾರೆ.” ಅವರು ಗಂಡನ ಹಾಗೇ ಮುಖ ಮಾಡಿಕೊಂಡು “ಆಮೇಲೆ” ಅನ್ನೋರು. ಜಗಳ ಚೆನ್ನಾಗಿ ನಡೆಯಿತು, ಐದಾರು ವರ್ಷ.

ಹೋದ ವರ್ಷ ಅವರನ್ನ ಹೊಸೂರಿನ ಆಸ್ಪತ್ರೆಗೆ ಸೇರಿಸಿದರು, ಶ್ವಾಸಕೋಶದ ತೊಂದರೆ. ನಾನು ಹೋದಾಗ ಮೂಗಿಗೆ ನಳಿಕೆ ಹಾಕಿದ್ದರು. ಹೊದಿಕೆಯೊಳಗಿಂದ ಬಲಗೈ ತೆಗೆದು ತೋರಿಸಿದರು. ಬೆರಳಿಗೆ ಮೆಷಿನ್ ಕ್ಲಿಪ್ಪು ಹಾಕೋಕೆ ಅಂತ ನರ್ಸಮ್ಮ ಆ ಉಗುರನ್ನು ಬುಡದವರೆಗೂ ಕತ್ತರಿಸಿಬಿಟ್ಟಿದ್ದಳು. ಕೆಳಗಿನ ಚರ್ಮ ಹಸುಗೂಸಿನ ಬೆರಳಿನ ಹಾಗೆ ಬೆಳ್ಳಗಿತ್ತು.

“ಹತ್ಯಾರ ಕಿತ್ಕೊಂಡ್ರು ಬೀಗಿತ್ತೇರೆ. ನಿಮ್ ಮನೇದು ಹೆಂಗೆ ತೆಗೀಲಿ?”

“ಉಗುರು ಬೆಳೀಲಿ. ಆಮೇಲೆ ಬಂದು ತೆಗೀರಿ” ಅಂದೆ.

“ಆಮೇಲೆ” ಅಂತ ಅವರೂ ಅಂದರು. ಮೂರನೇ ದಿನ ಹೋದರು.

ಈ ಸಲ ಮನೆಗೆ ಬಣ್ಣ ಹೊಡೆಯೋಕೆ ಬಂದವರು ಕಬ್ಬಿಣದ ಪಟ್ಟಿ ಹಿಡಿದುಕೊಂಡು ಆ ಕಲೆ ಕೆರೆಯೋಕೆ ಕೂತರು. ಎದ್ದೇಳಿ ಅಂದೆ. ಅದನ್ನ ತೆಗೆಯೋದು ನನಗೆ ಚೆನ್ನಾಗಿ ಗೊತ್ತು, ಒಂದು ಗೀಚೂ ಬೀಳದ ಹಾಗೆ ತೆಗೆಯಬಲ್ಲೆ. ಬೆಳಗ್ಗೆ ನೀರು ಹಾಕುವಾಗ ಅದಕ್ಕೆ ತಾಗದ ಹಾಗೆ ಸುತ್ತ ಹಾಕುತ್ತೇನೆ. ತೆಲುಗು ನನಗೆ ಅಷ್ಟಕ್ಕಷ್ಟೆ. ಒಂದು ಮಾತು ಮಾತ್ರ ಸರಿಯಾಗಿ ಬರುತ್ತದೆ. ಅವರು ಗಂಡನಿಗೆ ಅನ್ನುತ್ತಿದ್ದ ಹಾಗೇ ಏಕವಚನದಲ್ಲಿ. ಇದ್ದಾಗ ಒಂದು ದಿನವೂ ಅವರನ್ನ ನಾನು ಹಾಗೆ ಕರೆದವಳಲ್ಲ. ಈಗ ದಿನಾ ಕೇಳುತ್ತೇನೆ.

ತುಡುಸ್ತಾನಂಟಿವಿ ಕದಾ.