ತಿಂದಾದ ಮೇಲೆಯೇ ಮಾತು

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ನೆಲಮಹಡಿಯ ಎರಡು ಕೋಣೆಯ ಮನೆಯಲ್ಲಿ ಹೆಂಗಸೊಬ್ಬರು ಮಂಡಿಯೂರಿ ನೆಲ ಒರೆಸುತ್ತಿದ್ದಾರೆ. ಮಕ್ಕಳು ಬರುವುದು ಶಾಲೆ ಬಿಟ್ಟ ಮೇಲೆ. ಈಗಲೇ ಯಾಕೆ ಎಂದರೆ, "ಬೆಳಿಗ್ಗೆ ಇನ್ನೇನ್ ಮಾಡ್ಲಿ, ಗೋಡೆ ಜೊತೆ ಜಗಳ ಆಡ್ಲಾ?" ಎಂದು ನಗುತ್ತಾರೆ.

ಬೀದಿಯ ಮಕ್ಕಳ ಬಾಯಲ್ಲಿ ಇವರು ಸಂಜೆ ದೊಡ್ಡಮ್ಮ. ಅಪ್ಪ ಅಮ್ಮ ಇಬ್ಬರೂ ದುಡಿಯುವ ಮನೆಗಳ ಆರು ಮಕ್ಕಳನ್ನು ಕತ್ತಲಾಗುವವರೆಗೆ ನೋಡಿಕೊಳ್ಳುತ್ತಾರೆ. ಶೂ ಸಾಲಾಗಿ ಬಿಡಬೇಕು, ಕೈ ತೊಳೆಯಬೇಕು, ಹಣ್ಣು ತಿನ್ನಬೇಕು, ಅಂಗಳದಲ್ಲಿ ಬೆವರಿಳಿಯುವಂತೆ ಆಡಬೇಕು, ಪಾಠ ಆಮೇಲೆ. ಟೀವಿಗೆ ಬಟ್ಟೆ ಹೊದಿಸಿದ್ದಾರೆ, ಅದಕ್ಕೆ ರಜೆಯಂತೆ! ಮಕ್ಕಳು ತಿಂದು ಮುಗಿಸುವವರೆಗೆ ಶಾಲೆಯ ಸುದ್ದಿಯನ್ನು ಅಪ್ಪಿತಪ್ಪಿಯೂ ಕೇಳುವುದಿಲ್ಲ.

"ಹಸಿದ ದನೀಲಿ ಹೇಳೋದೆಲ್ಲ ಬರೀ ದೂರು. ಹೊಟ್ಟೆ ತುಂಬ್ಲಿ, ನಿಜ ತಾನಾಗೇ ಬರತ್ತೆ. ತಿಂದಿದಾರೋ ಇಲ್ವೋ ಅಂತ ದನಿ ಕೇಳಿದ್ರೇ ಗೊತ್ತಾಗತ್ತೆ ನಂಗೆ."

ಗಂಡ ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆಂದು ಹಿಡಿದ ಕೆಲಸವಿದು. ಕೊನೆಯ ಮಗು ಹೊಸ್ತಿಲು ದಾಟಿತೆಂದರೆ ಮನೆ ಬಿಕೋ ಎನ್ನುತ್ತದೆ. ಅಷ್ಟು ಮಕ್ಕಳಿಗೆ ಬಡಿಸಿದ ಕೈಗೆ ತಮಗೊಬ್ಬರಿಗೇ ಬಡಿಸಿಕೊಳ್ಳಲು ಮನಸ್ಸು ಬಾರದು. ಎಷ್ಟೋ ರಾತ್ರಿ ನೀರು ಕುಡಿದು ಮಲಗುತ್ತಾರೆ.

ಈ ಕೆಲಸದಲ್ಲಿ ಗೆದ್ದರೆ ಮಗು ಕೈಬಿಟ್ಟು ಹೋಗುತ್ತದೆ. ಒಂದನೇ ತರಗತಿಯಿಂದ ಇಲ್ಲೇ ಬೆಳೆದವಳು ಗುಬ್ಬಿ, ಎಲ್ಲರಿಗಿಂತ ವಾಚಾಳಿ. ಕಳೆದ ವಾರ ಅವಳ ಅಮ್ಮ, ಆಸ್ಪತ್ರೆಯ ನರ್ಸು, ಸಂಕೋಚದಿಂದಲೇ ಹೇಳಿದರು: "ಎಲ್ಲಾ ನೀವೇ ಕಲಿಸಿದೀರಿ, ಅಕ್ಕಾ. ಸೋಮವಾರದಿಂದ ಅವಳ ಕೈಗೇ ಮನೆ ಬೀಗದ ಕೈ ಕೊಡ್ತೀನಿ."

ಇವತ್ತು ಸೋಮವಾರ, ಈಗ ಕತ್ತಲಾಗಿದೆ. ದೊಡ್ಡಮ್ಮ ಮರೆತು ಆರು ತಟ್ಟೆಗೂ ಹಣ್ಣು ಹೆಚ್ಚಿಟ್ಟಿದ್ದಾರೆ. ಐದು ಖಾಲಿಯಾಗಿವೆ, ಮಕ್ಕಳು ಹೋಗಿಯೂ ಆಗಿದೆ. ಆರನೆಯದನ್ನು ಎತ್ತಿಡಲು ಅವರಿಂದ ಆಗುತ್ತಿಲ್ಲ. "ಹೋಗೋಕೇ ಅಲ್ವಾ ಕಲಿಸೋದು?" ಎನ್ನುತ್ತಾರೆ, ಬಾಗಿಲ ಕಡೆ ನೋಡುತ್ತಲೇ. ನೋಡುವವರಿಗೂ ಸಂಕಟವಾಗುತ್ತದೆ.

ಅಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ. ಗುಬ್ಬಿಯ ದನಿ ಕೋಣೆಯ ತುಂಬ ಕೇಳಿಸುತ್ತದೆ.

"ದೊಡ್ಡಮ್ಮಾ, ಕೈ ತೊಳ್ದೆ, ತಿಂದೆ, ಆಡ್ಕೊಂಡ್ ಬಂದೆ, ಲೆಕ್ಕಾನೂ ಮಾಡ್ದೆ. ನೀವು ತಿಂದ್ರಾ?"

"ಹ್ಞೂ, ಆಯ್ತು ಕಣೇ."

"ಸುಳ್ಳು! ದನೀಲೇ ಗೊತ್ತಾಗತ್ತೆ. ಮೊದ್ಲು ತಿನ್ನಿ, ಆಮೇಲೆ ಮಾತು." ಫೋನು ಕಟ್.

"ನೋಡಿದ್ರಾ ಇವಳ ಜೋರು?" ದೊಡ್ಡಮ್ಮ ಮುಂಗೈಯಿಂದ ಕಣ್ಣೊರೆಸಿಕೊಳ್ಳುತ್ತಾರೆ. "ನಾನೇ ಕಲಿಸಿದ್ದು."

ಎದ್ದು ಹೋಗಿ ಕೈ ತೊಳೆದು ಬಂದು, ಆರನೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.