ಸತ್ತವರ ಹೆಸರು ತೆಗೆಯುವ ವಿಲಿಮೈನಾ

ಬೆಳಗಿನ ಐದು ಗಂಟೆ. ಸಮುದ್ರಕ್ಕೆ ಇನ್ನೂ ಬಣ್ಣ ಬಂದಿಲ್ಲ. ವನುವಾ ಲೆವು ದ್ವೀಪದ ಒಂದು ಗುಡ್ಡದೂರಿನ ಚರ್ಚಿನ ಪಕ್ಕ, ದೋಣಿಯ ಹಾಗೆ ಕೊರೆದ ಮರದ ನಗಾರಿಯ ಮುಂದೆ ವಿಲಿಮೈನಾ ನಿಂತಿದ್ದಾರೆ. ಮೂವತ್ತು ಪೆಟ್ಟು ಹಾಕುತ್ತಾರೆ. ಅರವತ್ತೆರಡು ಮನೆಗಳನ್ನು ಪ್ರಾರ್ಥನೆಗೆ ಎಬ್ಬಿಸಲು ಅಷ್ಟು ಸಾಕು. ಆಮೇಲೆ ಕೋಲು ಕೆಳಗಿಟ್ಟು ಕಾಯುತ್ತಾರೆ.

ಕೆಳಗಿನಿಂದ, ಸಮುದ್ರ ನುಂಗಿದ ಹಳೆಯ ಊರಿನ ಕಡೆಯಿಂದ, ಉತ್ತರ ಬರುತ್ತದೆ. ಎರಡು ಪೆಟ್ಟು, ಸ್ವಲ್ಪ ತಡೆದು ಮೂರನೆಯದು. ಸುತ್ತಲಿನ ಮನೆಗಳ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ.

ಅಲ್ಲಿ ಈಗ ಯಾರೂ ಇಲ್ಲ. ನೀರು ಇಳಿದಾಗ ಹಳೆಯ ಚರ್ಚಿನ ಒಂದು ಗೋಡೆ ಕಾಣುತ್ತದೆ, ಅಷ್ಟೇ. ಪಾದ್ರಿಗಳು ಅದನ್ನು ಮಾರ್ದನಿ ಎನ್ನುತ್ತಾರೆ. "ಮಾರ್ದನಿಗೆ ಭುಜ ನೋಯುತ್ತಾ?" ಎಂದು ವಿಲಿಮೈನಾ ಕೇಳುತ್ತಾರೆ. ಅವರ ಗಂಡ ಇಲಿಯೇಸ ಇಪ್ಪತ್ತಾರು ವರ್ಷ ಈ ನಗಾರಿ ಬಾರಿಸಿದವರು. ಹಲಸಿನ ಜಾತಿಯ ಮರವೊಂದರಿಂದ ಬಿದ್ದು ಭುಜ ಮುರಿದ ಮೇಲೆ ಅವರ ಮೂರನೆಯ ಪೆಟ್ಟು ಯಾವಾಗಲೂ ತಡ. ಅವರು ತೀರಿಕೊಂಡು ಇವತ್ತಿಗೆ ಎಪ್ಪತ್ತೊಂಬತ್ತು ರಾತ್ರಿ.

ನಗಾರಿ ವಿಲಿಮೈನಾರಿಗೆ ಗಂಡನಿಂದ ಬಂದ ಕೆಲಸ. ಅವರದೇ ಕೆಲಸ ಬೇರೆ. ಹತ್ತೊಂಬತ್ತು ವರ್ಷಗಳಿಂದ ಊರಿನ ಹುಟ್ಟು ಸಾವು ಬರೆದು, ಮತದಾರರ ಪಟ್ಟಿಗೆ ಹೆಸರು ಸೇರಿಸಿ, ತೆಗೆಸಿ, ಆ ಚೀಟಿಗಳನ್ನು ವಾರಕ್ಕೊಮ್ಮೆ ಬರುವ ಲಾರಿಯಲ್ಲಿ ಪಟ್ಟಣಕ್ಕೆ ಕಳಿಸುತ್ತಾರೆ. ಸಂಬಳವಿಲ್ಲ. ಚೀಲ ಹೆಗಲಿಗೇರಿಸಿ ಹೊರಟರೆ ಜಗಲಿಗಳಿಂದ ಕುಚೋದ್ಯ ಕೇಳುತ್ತದೆ: "ಬಂತು ನೋಡ್ರೋ ಹದ್ದು! ಯಾರೂ ಕೆಮ್ಮಬೇಡಿ."

ಊರಿನ ಪದ್ಧತಿ ಒಂದಿದೆ. ಸತ್ತವರ ಚಾಪೆಯನ್ನು ನೂರು ರಾತ್ರಿ ಕಳೆಯುವ ತನಕ ಸುತ್ತುವುದಿಲ್ಲ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ಅವರನ್ನೂ ಸೇರಿಸಿಯೇ ಹೇಳುತ್ತಾರೆ. ಹೋದ ಚುನಾವಣೆಯಲ್ಲಿ ವಿಲಿಮೈನಾ ಕೂಡ ಹಾಗೆಯೇ ಬರೆದರು. ಸತ್ತ ಮೂವರ ಹೆಸರು ಪಟ್ಟಿಯಲ್ಲಿ ಉಳಿದವು. ಮತದಾನ ಮುಗಿದ ಮೇಲೆ ನೋಡಿದರೆ ಆ ಮೂರೂ ಹೆಸರುಗಳ ಮುಂದೆ ಮತ ಹಾಕಿದ ಗುರುತು ಬಿದ್ದಿತ್ತು. ಹಾಕಿದ್ದು ನಾನು ಎಂದು ಇವತ್ತಿನವರೆಗೆ ಒಬ್ಬರೂ ಹೇಳಿಲ್ಲ. "ಆ ಪಾಪಕ್ಕೆ ಮೂರು ತಿಂಗಳು ಚರ್ಚಿನಲ್ಲಿ ಪ್ರಸಾದದ ರೊಟ್ಟಿ, ದ್ರಾಕ್ಷಾರಸ ಮುಟ್ಟಲಿಲ್ಲ ನಾನು" ಎನ್ನುತ್ತಾರೆ ವಿಲಿಮೈನಾ.

ಈಗ ಮತ್ತೆ ಚುನಾವಣೆ. ಪಟ್ಟಿಗೆ ನಾಳೆಯೇ ಕೊನೆ. ಊರ ಯಜಮಾನ ಸಾಮಿಸೋನಿ, ಇಲಿಯೇಸರ ತಮ್ಮ, ಬೇಯಿಸಿದ ಕೆಸುವಿನ ಗೆಡ್ಡೆ ಹಿಡಿದು ಬಂದು ಕೂತಿದ್ದಾನೆ.

"ಅತ್ತಿಗೆ, ಬದುಕಿದ್ದಾಗ ಅಣ್ಣ ಓಟಿನ ದಿನ ಮೀನಿಗೆ ಹೋಗ್ತಿದ್ದ. ಸತ್ತ ಮೇಲಾದ್ರೂ ಒಂದು ಹಾಕ್ಲಿ ಬಿಡಿ."

"ಬೆರಳಿಗೆ ಶಾಯಿ ಹಚ್ಚೋಕೆ ನೀನೇ ಗುಂಡಿಗೆ ಇಳೀತೀಯಾ, ಮೈದುನ?"

ಸಾಮಿಸೋನಿಯ ನಗು ಅರ್ಧಕ್ಕೇ ನಿಲ್ಲುತ್ತದೆ. "ನೀವು ಹೆಸರು ಹೊಡೆದು ಹಾಕಿದ್ರೆ ಅವ್ನು ಬಾರಿಸೋದು ನಿಲ್ಲಿಸ್ತಾನೆ. ಗೊತ್ತು ತಾನೇ?"

ಗೊತ್ತು. ಎಪ್ಪತ್ತೊಂಬತ್ತು ದಿನಗಳಿಂದ ವಿಲಿಮೈನಾರನ್ನು ಹಾಸಿಗೆಯಿಂದ ಎಬ್ಬಿಸುತ್ತಿರುವುದೇ ಆ ಮೂರು ಪೆಟ್ಟು. ಆದರೂ ಕನ್ನಡಕ ಹಾಕಿಕೊಂಡು, ಗಂಡನ ಹೆಸರಿನ ಮುಂದೆ 'ಮೃತ' ಎಂದು ಬರೆಯುತ್ತಾರೆ. "ದೇವರ ಪುಸ್ತಕದಲ್ಲಿ ಇವರ ಹೆಸರು ಬರೆದೋಳು ನಾನಲ್ಲ. ನಾನು ಹೊಡೆದ್ರೆ ಅಲ್ಲಿಂದ ಹೋಗೋದೂ ಇಲ್ಲ. ಸರ್ಕಾರದ ಪುಸ್ತಕದಲ್ಲಿ ಸುಳ್ಳಿದ್ರೆ ಮಾತ್ರ ಅದು ನನ್ನ ಕೈಯದ್ದು." ಚೀಟಿ ಮರುದಿನದ ಲಾರಿ ಹತ್ತುತ್ತದೆ.

ಅದರ ಮರುದಿನ ಬೆಳಗ್ಗೆ ಮೂವತ್ತು ಪೆಟ್ಟು ಮುಗಿದು ಬಹಳ ಹೊತ್ತಾದರೂ ಕೆಳಗಿನಿಂದ ಏನೂ ಬರುವುದಿಲ್ಲ. ಅಲೆಗಳೂ ಸದ್ದಡಗಿಸಿದಂತಿವೆ. ಇಷ್ಟು ದಿನ ಮುಚ್ಚಿಕೊಳ್ಳುತ್ತಿದ್ದ ಕಿಟಕಿಗಳೆಲ್ಲ ತೆರೆದಿವೆ. ಒಂದೊಂದರಲ್ಲೂ ಒಂದು ಮುಖ ಕತ್ತಲಿಗೆ ಕಿವಿಗೊಟ್ಟಿದೆ.

"ಇಲ್ವಾ, ಅತ್ತಿಗೆ?" ಸಾಮಿಸೋನಿ ನಗಾರಿಯ ಬಳಿಗೆ ಬಂದು ಕೇಳುತ್ತಾನೆ.

"ಇಲ್ಲ."

"ನಾಳೆ?"

"ನಾಳೆ ನಾನು ಬಾರಿಸ್ತೀನಿ. ಕೇಳಿಸ್ತಿದ್ದಾಗ ನಂಬೋದೇನು ದೊಡ್ಡದು?" ಸ್ವಲ್ಪ ದೂರ ನಡೆದು, ಏನೋ ನೆನಪಾದಂತೆ ತಿರುಗುತ್ತಾರೆ. "ನನ್ನದೊಂದು ಆಸೆ ಇದೆ ಕಣೋ. ನಾನು ಹೋದಾಗ ನೂರು ರಾತ್ರಿ ಕಾಯಬೇಡಿ. ಮೊದಲ ಲಾರೀಲೇ ಚೀಟಿ ಕಳಿಸಿ."